ಶಾಲೆಯ ಡಬ್ಬಿಗೆ ಹಾಕಿದ ಓಟು

೨೦೦೧ರಲ್ಲಿ ನಾನು ಅಮೆರಿಕದ ಸ್ಯಾನ್ ಹೋಸೆಯಲ್ಲಿ ವಲಸೆ ಕಾನೂನಿನ ವಕೀಲೆಯಾಗಿದ್ದೆ. ಡಾಟ್ ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತಿದ್ದ ಕಾಲ. ಗ್ರೀನ್ ಕಾರ್ಡ್ ಇದ್ದವರೆಲ್ಲ ಪೌರತ್ವಕ್ಕೆ ಮುಗಿಬಿದ್ದಿದ್ದರು. ನನ್ನ ಕೈಗೆ ಬಂದ ಅರ್ಜಿ ಬಿದ್ದುಹೋದದ್ದು ಕಡಿಮೆ. ಆ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ನನ್ನ ಕಕ್ಷಿದಾರರಾದ ಮಂಡ್ಯ ಕಡೆಯ ಸುನಂದಾ ಪಕ್ಕದೂರು ಕ್ಯುಪರ್ಟಿನೋದ ತಮ್ಮ ಮನೆಯಲ್ಲೇ ಡೇಕೇರ್ ನಡೆಸುತ್ತಿದ್ದರು. ಪೌರತ್ವದ ಇಂಟರ್‌ವ್ಯೂಗೆ ಅಭ್ಯಾಸ ಮಾಡಿಸುತ್ತ, ಅಧಿಕಾರಿ ಕೇಳುವಂತೆಯೇ ಕೇಳಿದೆ: ಅಮೆರಿಕದಲ್ಲಿ ಯಾವುದಾದರೂ ಚುನಾವಣೆಯಲ್ಲಿ, ಸ್ಥಳೀಯದ್ದಾದರೂ ಸರಿ, ಮತ ಹಾಕಿದ್ದೀರಾ?

"ಹಾಕಿದ್ದೀನಿ."

ಪೌರರಲ್ಲದವರು ಮತ ಹಾಕಿದರೆ ಪೌರತ್ವ ಹಾಗಿರಲಿ, ಗ್ರೀನ್ ಕಾರ್ಡೇ ಹೋಗಿ ದೇಶ ಬಿಡಬೇಕಾಗಬಹುದು. ಬಿಡಿಸಿ ಕೇಳಿದ ಮೇಲೆ ಹೋದ ಜೀವ ಬಂತು. ಅವರು ಮತ ಹಾಕಿದ್ದು ಮಗಳ ಶಾಲೆಯ ಸೈಟ್ ಕೌನ್ಸಿಲ್‌ಗೆ. ಪೋಷಕರೂ ಶಿಕ್ಷಕರೂ ಸೇರಿ ಶಾಲೆಯ ಯೋಜನೆ ಹಾಕುವ ಸಮಿತಿ ಅದು. ಪೋಷಕರ ಪ್ರತಿನಿಧಿಗಳನ್ನು ಪೋಷಕರೇ ಆರಿಸುತ್ತಾರೆ, ಪೌರತ್ವ ಬೇಕಿಲ್ಲ.

"ಅದು ಲೆಕ್ಕಕ್ಕಿಲ್ಲ. ಇಲ್ಲ ಅಂತ ಹೇಳಿಬಿಡಿ," ಎಂದೆ.

"ಲೆಕ್ಕಕ್ಕಿಲ್ವಾ? ನಮ್ಮಮ್ಮ ಪಂಚಾಯ್ತಿ ಮೆಂಬರು ಮೇಡಂ. ನಮ್ಮೂರಲ್ಲಿ ಎಂಪಿ ಎಲೆಕ್ಷನ್ನಿಗೆ ಮನೇಲಿ ಮಲಗಿರೋರು ಪಂಚಾಯ್ತಿ ಎಲೆಕ್ಷನ್ನಿಗೆ ಬಸ್ ಹಿಡ್ಕೊಂಡು ಬರ್ತಾರೆ. ಇಲ್ಲೂ ಚೀಟಿ ಇತ್ತು, ಡಬ್ಬಿ ಇತ್ತು, ಸೋತೋರು ಮುಖ ಊದಿಸ್ಕೊಂಡಿದ್ರು. ಪ್ರಮಾಣ ಮಾಡಿ ಇಲ್ಲ ಅನ್ನಕ್ಕೆ ನನ್ ಕೈಲಾಗಲ್ಲ."

ಪಕ್ಕದಲ್ಲಿದ್ದ ಗಂಡ ತಲೆ ಚಚ್ಚಿಕೊಂಡರು. ಅವರ ಕಂಪನಿಯಲ್ಲಿ ಆಗಲೇ ಅರ್ಧ ಜನರ ಕೆಲಸ ಹೋಗಿತ್ತು. ನನಗೆ ಸಿಟ್ಟೂ ಬಂತು, ಮೆಚ್ಚುಗೆಯೂ ಆಯಿತು. ಹಟಮಾರಿ ಕಕ್ಷಿದಾರರ ಬಾಯಿಗೆ ಬೀಗ ಹಾಕುವುದಕ್ಕಿಂತ ಅವರ ಮಾತಿಗೆ ಕಾನೂನಿನ ಆಸರೆ ಹುಡುಕುವುದು ಸುಲಭ.

"ಸರಿ, ಹಾಕಿದ್ದೀನಿ ಅಂತಲೇ ಹೇಳಿ. ಮುಂದಿನದು ನನಗಿರಲಿ," ಎಂದೆ.

ಇಂಟರ್‌ವ್ಯೂನಲ್ಲಿ ಆ ಪ್ರಶ್ನೆ ಬಂತು. ಸುನಂದಾ "ಯೆಸ್" ಎಂದರು. ಅಧಿಕಾರಿ ಪೆನ್ನು ಕೆಳಗಿಟ್ಟರು. ನಾನು ರಾಜ್ಯದ ಶಿಕ್ಷಣ ಕಾನೂನನ್ನು ವಿವರಿಸಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದು, ಅರ್ಜಿದಾರರೇ ಹೇಳಲಿ ಎಂದರು.

ಸುನಂದಾ ತಮಗೆ ಬರುವ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: "ಶಾಲೆಯ ಕೌನ್ಸಿಲ್‌ಗೆ ಹಾಕಿದೆ. ಅದಕ್ಕೆ ತಾಯಿಯಾಗಿದ್ದರೆ ಸಾಕು. ಊರಿನ ಎಲ್ಲ ಶಾಲೆಗಳನ್ನೂ ನಡೆಸುವ ಸ್ಕೂಲ್ ಬೋರ್ಡ್ ಚುನಾವಣೆ ಬಂದಾಗ ಹಾಕಲಿಲ್ಲ. ನಮ್ಮ ಶಾಲೆಯ ಲೈಬ್ರರಿ ಮುಚ್ಚಲು ಹೊರಟವರು ಆ ಬೋರ್ಡಿನವರೇ. ಆದರೆ ಅದಕ್ಕೆ ಸಿಟಿಜನ್ ಆಗಿರಬೇಕು. ಮನೆಯಲ್ಲೇ ಕೂತೆ."

ಅಧಿಕಾರಿ ಎದ್ದು ಮೇಲಧಿಕಾರಿಯ ಕೋಣೆಗೆ ಹೋದರು. ಸುನಂದಾ ದುಪಟ್ಟಾದ ತುದಿ ಹಿಂಡುತ್ತ ಕುಳಿತರು. ನನಗೆ ಭಯವಿರಲಿಲ್ಲ, ಕಾನೂನು ನಮ್ಮ ಕಡೆಗಿತ್ತು, ನಾನು ಹೇಳುವುದಕ್ಕಿಂತ ಚೆನ್ನಾಗಿ ಅವರೇ ಅದನ್ನು ಹೇಳಿ ಮುಗಿಸಿದ್ದರು. ಅಧಿಕಾರಿ ಬಂದು ಅರ್ಜಿ ಮಂಜೂರಾಗಿದೆ ಎಂದರು.

ಹೊರಗೆ ಬಂದ ಮೇಲೆ, "ಪ್ರಮಾಣವಚನ ಆಗಲಿ, ಇನ್ನು ಪ್ರೆಸಿಡೆಂಟಿಗೂ ಓಟು ಹಾಕಬಹುದು," ಎಂದೆ.

"ಅವ್ರಿರ್ಲಿ ಮೇಡಂ. ಸ್ಕೂಲ್ ಬೋರ್ಡಿಗೆ ಯಾವಾಗ?"

ಪರದೇಶದಿಂದ ಬಂದವರಿಗೆ ಊರಿನ ಚುನಾವಣೆಯಲ್ಲಿ ಮತದ ಹಕ್ಕು ಕೊಟ್ಟರೆ ಅದರ ಬೆಲೆ ಅವರಿಗೇನು ಗೊತ್ತು ಎನ್ನುವವರು ಈಗಲೂ ಸಿಗುತ್ತಾರೆ. ವಾದಕ್ಕಿಳಿಯದೆ ಸುನಂದಾ ಅವರ ಕೇಸು ಹೇಳುತ್ತೇನೆ. ಮಗಳ ಲೈಬ್ರರಿಗೆ ಬೀಗ ಬೀಳುತ್ತಿದ್ದಾಗಲೂ ತಮ್ಮದಲ್ಲದ ಮತವನ್ನು ಮುಟ್ಟದೆ ಕುಳಿತವರಿಗೆ ಅದರ ಬೆಲೆ ಗೊತ್ತು.