ಬೀದಿ ದಾಟುವ ಬೆಂಚು

ಸರೋವರದ ಕಡೆಯಿಂದ ಬೀಸುವ ಫೆಬ್ರುವರಿಯ ಗಾಳಿಗೆ ಕಾರುಗಳ ಗಾಜೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡನ್‌ಮೋರ್ ಪಟ್ಟಣದ ವೃದ್ಧಾಶ್ರಮದ ಹಿಂಬಾಗಿಲು ತೆರೆದು, ರಾತ್ರಿ ಪಾಳಿ ಮುಗಿಸಿದ ಆರೈಕೆಯ ಹೆಂಗಸರು ಕೋಟಿನ ಕತ್ತುಪಟ್ಟಿ ಮೇಲಕ್ಕೆಳೆದುಕೊಳ್ಳುತ್ತ ಒಬ್ಬೊಬ್ಬರಾಗಿ ಹೊರಬರುತ್ತಾರೆ. ಅಂಗಳದ ಮೂಲೆಯಲ್ಲಿ ಹಳೆಯ ನೀಲಿ ಕಾರೊಂದರ ಡಿಕ್ಕಿ ಆಗಲೇ ತೆರೆದಿದೆ. ಅದರಲ್ಲಿ ಕಾಫಿ ತುಂಬಿದ ದೊಡ್ಡ ಫ್ಲಾಸ್ಕು, ಒಂದು ತಟ್ಟೆ ಗೆಣಸಿನ ಪೈ. ಪಕ್ಕದಲ್ಲಿ ಕಿವಿ ಮುಚ್ಚುವ ಉಣ್ಣೆ ಟೋಪಿ ಧರಿಸಿದ ಅರವತ್ತಮೂರರ ಅರ್ನೆಸ್ಟೀನ್ ಬ್ಯಾಸ್ಕಮ್ ನಿಂತಿದ್ದಾರೆ.

“ಬಂದ್ರಪ್ಪಾ ಸ್ಕೂಲಿನ ಪೊಲೀಸು! ಯಾರ ಮಗ ಕ್ಲಾಸಿಗೆ ಚಕ್ಕರ್ ಹಾಕಿದ್ದು, ಈಗ್ಲೇ ಒಪ್ಕೊಂಬಿಡ್ರೇ!” ಎಂದು ಮುಂದೆ ಬಂದವಳೊಬ್ಬಳು ಕೂಗುತ್ತಾಳೆ.

“ನಿನ್ನ ಮಗ ಚೆನ್ನಾಗೇ ಓದ್ತಿದಾನಮ್ಮ. ನಿನ್ನನ್ನೇ ವಾಪಸ್ ಸ್ಕೂಲಿಗೆ ಸೇರ್ಸಣ ಅಂತ ಬಂದೆ. ಮೊದ್ಲು ಕಾಫಿ ಕುಡಿ,” ಎನ್ನುತ್ತಾರೆ ಅರ್ನೆಸ್ಟೀನ್.

ಶಾಲೆಗಳು ತಂದೆತಾಯಿಯರ ಸಭೆ ಕರೆಯುವುದು ಸಂಜೆಗೆ. ಈ ತಾಯಂದಿರು ಕೆಲಸಕ್ಕೆ ಹೊರಡುವುದೂ ಸಂಜೆಗೇ. ಆದ್ದರಿಂದ ಅರ್ನೆಸ್ಟೀನ್ ಅವರ ಸಭೆ ಮುಂಜಾನೆ, ಕಾರಿನ ಹಿಂದೆ, ನಿಂತ ನಿಲುವಿನಲ್ಲಿ ನಡೆಯುತ್ತದೆ.

ಡನ್‌ಮೋರ್, ಹಾರ್ಲನ್ ಪಾರ್ಕ್, ವೆಸ್ಟ್‌ಲಿನ್ ಒಂದಕ್ಕೊಂದು ಅಂಟಿಕೊಂಡ ಊರುಗಳು. ಆದರೆ ಪ್ರತಿ ಊರಿಗೂ ತನ್ನದೇ ಶಾಲಾ ಮಂಡಳಿ, ತನ್ನದೇ ಗಡಿ, ತನ್ನದೇ ಬಿಗುಮಾನ. ಮೂರು ಕಡೆಯೂ ಗಣಿತದಲ್ಲಿ ಬಿಳಿಯ ಮಕ್ಕಳಿಗೂ ಕಪ್ಪು ಮಕ್ಕಳಿಗೂ ನಡುವೆ ಒಂದೇ ಬಗೆಯ ಕಂದರ. ಪ್ರತ್ಯೇಕವಾಗಿ ಏನೇನೋ ಉಪಾಯ ಹೂಡಿ ಸೋತ ಮೇಲೆ ಮೂರು ಮಂಡಳಿಗಳೂ ಒಂದೇ ಮೇಜಿನ ಸುತ್ತ ಕುಳಿತವು. ಆಗ ಕಂಡದ್ದು ಕ್ಯಾಲ್ಡರ್ ಬೀದಿ. ಅದರ ಎಡಬದಿಯ ಮನೆಗಳು ಡನ್‌ಮೋರಿಗೆ, ಬಲಬದಿಯವು ಹಾರ್ಲನ್ ಪಾರ್ಕಿಗೆ ಸೇರಿದವು. ಬಾಡಿಗೆ ಏರಿತೆಂದು ಎಡದಿಂದ ಬಲಕ್ಕೆ ಮನೆ ಬದಲಿಸಿದ ಕುಟುಂಬದ ಮಗು, ಅದೇ ವಯಸ್ಸಿನ ಚುರುಕು ಮಕ್ಕಳಿಗೆಂದಿರುವ ಮೇಲಿನ ಗಣಿತದ ತರಗತಿಯಲ್ಲಿ ಕುಳಿತಿದ್ದದ್ದು, ಹೊಸ ಶಾಲೆ ಪರೀಕ್ಷೆ ನಡೆಸುವವರೆಗೆ ಕೆಳಗಿನ ತರಗತಿಗೆ ಇಳಿಯುತ್ತಿತ್ತು. ಹೀಗೆ ಪದೇ ಪದೇ ಮನೆ ಬದಲಿಸಬೇಕಾಗಿ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನ.

ಈಗ ನಾಲ್ಕು ವರ್ಷಗಳಿಂದ ಮೂರು ಮಂಡಳಿಗಳ ಒಪ್ಪಂದವಿದೆ: ಮಗು ಎಲ್ಲಿಗೆ ಹೋದರೂ ತರಗತಿಯಲ್ಲಿನ ಅದರ ಜಾಗ ಅದರ ಜೊತೆಗೇ ಹೋಗತಕ್ಕದ್ದು. ಮಂಡಳಿಗಳ ಪಾಲಿಗೆ ಅದು ಕಾಗದದ ಮೇಲಿನ ಒಂದು ಸಾಲು. ಮಂಡಳಿಗಳ ಪರವಾಗಿ ತಾಯಂದಿರನ್ನು ಒಪ್ಪಿಸಿ, ಆ ಜಾಗವನ್ನು ಹೊತ್ತು ಬೀದಿ ದಾಟಿಸುವವರು ಅರ್ನೆಸ್ಟೀನ್. ಶಾಲಾ ಬಸ್ಸುಗಳ ದಾರಿಯನ್ನು ಫೋನಿನಲ್ಲಿ ನಿರ್ದೇಶಿಸುತ್ತಲೇ ಇಪ್ಪತ್ತು ವರ್ಷ ಕಳೆದ ಅವರಿಗೆ ಮೂರೂ ಊರಿನ ಓಣಿಗಳು ಅಂಗೈಗೆರೆಗಳಷ್ಟೇ ಪರಿಚಿತ. ವರ್ಷಕ್ಕೆ ನಲವತ್ತರ ಆಸುಪಾಸು ಕುಟುಂಬಗಳು. ಅಷ್ಟಕ್ಕೂ ಒಬ್ಬರೇ ಹೆಂಗಸು, ಒಂದೇ ಕಾರು.

ಅವರ ಮಗ ಡೆಲ್ರಾಯ್ ಕೂಡ ಹುಡುಗನಾಗಿದ್ದಾಗ ಅದೇ ಬೀದಿಯನ್ನು ದಾಟಿದವನು. ವಸಂತಕಾಲದಲ್ಲಿ ಪರೀಕ್ಷೆ ನಡೆಸುತ್ತೇವೆ ಎಂದರು ಹೊಸ ಶಾಲೆಯವರು. ಅಷ್ಟರಲ್ಲಿ ಅವನಿಗೆ ಗಣಿತದ ರುಚಿಯೇ ಕೆಟ್ಟಿತ್ತು. ಈಗ ಶೀತಲಯಂತ್ರಗಳನ್ನು ರಿಪೇರಿ ಮಾಡುತ್ತಾನೆ. “ಕೈತುಂಬ ದುಡೀತಾನೆ, ಆ ಬಗ್ಗೆ ನಂಗೆ ಬೇಜಾರಿಲ್ಲ. ಅದನ್ನ ಅವನೇ ಆರಿಸ್ಕೊಂಡ್ನಾ, ಇಲ್ಲ ಉಳಿದಿದ್ದು ಅದೊಂದೇ ಆಗಿತ್ತಾ? ಅಷ್ಟೇ ನನ್ನ ಪ್ರಶ್ನೆ,” ಎನ್ನುತ್ತಾರೆ ಅರ್ನೆಸ್ಟೀನ್.

ಈ ಶುಕ್ರವಾರದ ಮುಂಜಾನೆ ಅವರು ಕಾಯುತ್ತಿರುವುದು ರೋಷೆಲ್ ಟೀಗ್‌ಗಾಗಿ. ಆಕೆ ಹೋದ ವಾರವಷ್ಟೇ ಕ್ಯಾಲ್ಡರ್ ಬೀದಿಯ ಬಲಬದಿಗೆ ಬಂದಿದ್ದಾಳೆ. ಹನ್ನೆರಡರ ಮಗಳು ಕೆಜೈಯಾಗೆ ಹಾರ್ಲನ್ ಪಾರ್ಕಿನ ಮೇಲಿನ ತರಗತಿಯಲ್ಲಿ ಜಾಗ ಸಿದ್ಧವಿದೆ. ತಾಯಿ ಇಂದು ಒಪ್ಪಬೇಕು.

“ಬೇಡ ಬಿಡಿ, ಮಿಸ್ ಅರ್ನೆಸ್ಟೀನ್. ಅವ್ಳು ಮಾಮೂಲಿ ಕ್ಲಾಸಲ್ಲೇ ಇರ್ಲಿ,” ಎನ್ನುತ್ತಾಳೆ ಪಾಳಿ ಮುಗಿಸಿ ಹೊರಬಂದ ರೋಷೆಲ್.

“ಯಾಕೆ, ಲೆಕ್ಕ ಬರಲ್ವಾ ಅವ್ಳಿಗೆ?”

“ಬರತ್ತೆ! ನಿಮಗಿಂತ ಚೆನ್ನಾಗಿ ಬರತ್ತೆ.”

“ನಂಗಿಂತ ಚೆನ್ನಾಗಿ ಬರೋದೇನೂ ದೊಡ್ಡ ವಿಷ್ಯ ಅಲ್ಲ ಬಿಡು.”

ರೋಷೆಲ್ ನಗುವುದಿಲ್ಲ. ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹೇಳುತ್ತಾಳೆ: “ನನ್ನನ್ನೂ ಹೀಗೇ ಮೇಲಿನ ಕ್ಲಾಸಿಗೆ ಹಾಕಿದ್ರು. ಇಡೀ ಕ್ಲಾಸಿಗೆ ನಾನೊಬ್ಳೇ ಕಪ್ಪು ಹುಡ್ಗಿ. ಜೋಡಿ ಮಾಡ್ಕೊಳ್ಳಿ ಅಂದಾಗೆಲ್ಲ ನಾನೊಬ್ಳೇ ಉಳೀತಿದ್ದೆ. ಕ್ರಿಸ್‌ಮಸ್ ಹೊತ್ತಿಗೆ ನಾನಾಗೇ ಬಿಟ್ಬಂದೆ. ಸೀಟೇನೋ ಕೊಡ್ತೀರಿ, ಪಕ್ಕದಲ್ಲಿ ಯಾರಿರ್ತಾರೆ?”

ಇದಕ್ಕೆ ಮೂರು ಮಂಡಳಿಗಳ ಒಪ್ಪಂದದಲ್ಲಿ ಉತ್ತರವಿಲ್ಲ. ಅರ್ನೆಸ್ಟೀನ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, “ನಾನಿರ್ತೀನಿ,” ಎನ್ನುತ್ತಾರೆ.

“ನೀವಾ? ಕ್ಲಾಸೊಳಗಾ?”

“ಮತ್ತೆ? ಮೂರೂ ಊರಲ್ಲಿ ಸೇರಿ ಹನ್ನೊಂದು ಸಲ ಆ ಪಾಠಕ್ಕೆ ಕೂತಿದೀನಿ. ಇನ್ನೂ ಪಾಸಾಗಿಲ್ಲ.”

ರೋಷೆಲ್‌ಗೆ ನಗು ತಡೆಯಲಾಗುವುದಿಲ್ಲ. “ಒಂದು ವಾರ ನೋಡ್ತೀನಿ. ಅವ್ಳು ಅತ್ಕೊಂಡು ಮನೆಗೆ ಬಂದ್ರೆ ಅವತ್ತೇ ಬಿಡಿಸ್ತೀನಿ,” ಎಂದು ತನ್ನ ಕಾರಿನತ್ತ ನಡೆಯುತ್ತಾಳೆ.

ಸೋಮವಾರ, ಜೋಡಿಯಾಗಿ ಕುಳಿತುಕೊಳ್ಳಿರೆಂದು ಶಿಕ್ಷಕರು ಹೇಳಿದೊಡನೆ ಕುರ್ಚಿಗಳೆಲ್ಲ ಸದ್ದು ಮಾಡುತ್ತ ಸರಿದು ಕೂಡಿಕೊಳ್ಳುತ್ತವೆ. ಕೆಜೈಯಾ ಒಬ್ಬಳೇ ಉಳಿಯುತ್ತಾಳೆ. ಹಿಂದಿನಿಂದ ಅರ್ನೆಸ್ಟೀನ್ ಎದ್ದು ಬಂದು, ಮಕ್ಕಳ ಮೇಜಿನಡಿ ಹಿಡಿಸದ ಮೊಣಕಾಲುಗಳನ್ನು ಹೇಗೋ ತೂರಿಸಿ, ಪೆನ್ಸಿಲು ಹಿಡಿಯುತ್ತಾರೆ. ಹುಡುಗಿ ತಲೆಯೆತ್ತುವುದಿಲ್ಲ. ಮಂಗಳವಾರವೂ ಅಷ್ಟೇ.

ಬುಧವಾರ ಮುಂದಿನ ಸಾಲಿನ ಬ್ರಿಜಿಡ್ ಎಂಬ ಹುಡುಗಿ ಹಿಂದಕ್ಕೆ ತಿರುಗಿ, ಇವರ ಹಾಳೆಗೆ ಕಣ್ಣು ಹಾಯಿಸಿ, “ನಿಮ್ಮಿಬ್ರದ್ದೂ ತಪ್ಪು,” ಎಂದುಬಿಡುತ್ತಾಳೆ.

ಕೆಜೈಯಾಗೆ ರೋಷ ಉಕ್ಕುತ್ತದೆ. “ತಪ್ಪಾಗಿರೋದು ಇವರದ್ದು. ನಂದು ಸರಿಯಾಗಿ ನೋಡು.”

“ನೋಡ್ದೆ. ಮೈನಸ್ ಎಲ್ಲಿ ಹೋಯ್ತು?”

“ಇಲ್ಲೇ ಇದೆ. ಕಣ್ಣು ಕಾಣ್ಸಲ್ವಾ?”

ಬ್ರಿಜಿಡ್ ಕುರ್ಚಿಯನ್ನೇ ಎಳೆದು ತಂದು ಕೂರುತ್ತಾಳೆ. ಗಂಟೆ ಬಾರಿಸಿದರೂ ಮೈನಸ್ಸಿನ ವ್ಯಾಜ್ಯ ಮುಗಿಯುವುದಿಲ್ಲ.

ಗುರುವಾರ ತರಗತಿಯ ಬಾಗಿಲಲ್ಲೇ ಕೆಜೈಯಾ ಅಡ್ಡ ನಿಂತಿದ್ದಾಳೆ. ಕಣ್ಣು ನೆಲದ ಮೇಲಿದೆ. “ಮಿಸ್ ಅರ್ನೆಸ್ಟೀನ್, ಬೇಜಾರು ಮಾಡ್ಕೋಬೇಡಿ. ಇವತ್ತು ನೀವು ಒಳಗೆ ಬರೋದು ಬೇಡ.”

“ಯಾಕಮ್ಮಾ?”

“ನೀವು ತುಂಬಾ ಪ್ರಶ್ನೆ ಕೇಳ್ತೀರಾ. ನಮಗೆ ಮುಂದಕ್ಕೆ ಹೋಗೋಕೇ ಆಗಲ್ಲ.”

“ನಮಗೆ” ಎಂಬ ಆ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಅರ್ನೆಸ್ಟೀನ್ ಮುಖ ಗಂಭೀರ ಮಾಡಿಕೊಂಡೇ ಹಿಂದೆ ಸರಿಯುತ್ತಾರೆ. ಮೊಗಸಾಲೆಯ ತುದಿಯವರೆಗೆ ನಡೆದು, ಆಗಷ್ಟೇ ಪಾಳಿ ಮುಗಿಸಿ ಮನೆ ಸೇರಿದ ರೋಷೆಲ್‌ಗೆ ಫೋನ್ ಮಾಡುತ್ತಾರೆ.

“ನಿನ್ನ ಮಗಳು ನನ್ನನ್ನ ಕ್ಲಾಸಿಂದ ಹೊರಗೆ ಹಾಕಿದ್ಲು ಕಣೇ.”

“ಒಬ್ಳೇ ಕೂತಿದಾಳಾ?”

“ಜಗಳ ಆಡ್ಕೊಂಡು ಕೂತಿದಾಳೆ. ಒಬ್ಳೇ ಇದ್ರೆ ಜಗಳ ಆಡೋಕಾಗತ್ತಾ?”

“ಹಾಗಿದ್ರೆ ಇರ್ಲಿ ಬಿಡಿ,” ಎನ್ನುತ್ತಾಳೆ ರೋಷೆಲ್. “ನಾನು ಮಲಗ್ತೀನಿ.”