ಅಳುವುದಕ್ಕಾಗಿ ಬಿಟ್ಟ ಗುಳಿಗೆ

ಕೊಪ್ಪಳ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ನಾನು ಸಿದ್ದಾಪುರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಮೆಟ್ಟಿಲು ಹತ್ತಿದರೆ ಏದುಸಿರು, ಹಲಗೆಯ ಮೇಲೆ ನಾಲ್ಕು ಸಾಲು ಬರೆದರೆ ಎದೆ ಡವಡವ. ಗಂಗಾವತಿಯ ಡಾಕ್ಟರು ಪರೀಕ್ಷೆ ಮಾಡಿ, "ಬಿ.ಪಿ. ಭಾಳ ದಿನದಿಂದ ಐತ್ರಿ. ಅದರ ಒತ್ತಡಕ್ಕ ಹೃದಯದ ಗೋಡಿ ದಪ್ಪ ಆಗೇತಿ. ಇನ್ನ ಅದಕ್ಕೊಂದಿಷ್ಟು ಆರಾಮ ಕೊಡೋಣು," ಎಂದು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಎದೆಬಡಿತವನ್ನು ನಿಧಾನ ಮಾಡುವ ಗುಳಿಗೆಯದು.

ಆರಾಮ ಸಿಕ್ಕಿದ್ದು ಹೃದಯಕ್ಕಷ್ಟೇ ಅಲ್ಲ, ನನಗೂ. ಮೇಲಧಿಕಾರಿಗಳು ಶಾಲೆಗೆ ಬಂದು ಕೂಗಾಡಿದರೂ ನನ್ನ ಎದೆ ಜಗ್ಗುತ್ತಿರಲಿಲ್ಲ. ಗಂಡ ಕೆಣಕಿ ಕೆಣಕಿ ಸುಸ್ತಾಗಿ, "ನಿನ್ನ ಜೋಡಿ ಜಗಳಾಡಾಕೂ ಮಜಾ ಇಲ್ಲ ನೋಡು," ಎಂದು ಗೊಣಗಿದ. ಬೆರಳ ತುದಿ ಸದಾ ತಣ್ಣಗಿರುತ್ತಿತ್ತು, ಅದೊಂದೇ ತೊಂದರೆ.

ಅಂಥ ದಿನಗಳಲ್ಲೇ ಬೇವೂರಿನಲ್ಲಿದ್ದ ಅಕ್ಕ ತೀರಿಕೊಂಡಳು. ತಾಯಿಯಿಲ್ಲದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ತಾನು ಕೂಲಿಗೆ ಹೋಗಿ ನನ್ನನ್ನು ಶಾಲೆಗೆ ಕಳಿಸಿದವಳು. ಸಜ್ಜೆ ಕೊಯ್ಯುತ್ತಿದ್ದವಳು ಹೊಲದಲ್ಲೇ ಕುಸಿದಳಂತೆ.

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಒಬ್ಬರ ಕೊರಳಿಗೊಬ್ಬರು ಬಿದ್ದು, ಸತ್ತವರ ಗುಣ ಹಾಡಿಕೊಂಡು ಅಳುತ್ತಾರೆ. ಎದೆಗೆ ಎದೆ ತಾಗಿರುತ್ತದೆ. ಅಲ್ಲಿ ನಾಟಕ ನಡೆಯುವುದಿಲ್ಲ. ನನ್ನ ಕೊರಳಿಗೆ ಬಿದ್ದ ಸೋದರತ್ತೆ ಹಾಡು ನಿಲ್ಲಿಸಿ ನನ್ನ ಮುಖ ನೋಡಿದಳು. "ಹಡದವ್ವನಂಗ ಸಾಕಿದಾಕಿ ಹೋಗ್ಯಾಳ, ನಿನ್ನ ಎದಿ ಒಂಚೂರೂ ಹೊಡ್ಕೊಳ್ಳವಲ್ದಲ್ಲ!" ಸುತ್ತಲಿನವರು ಮೂಗು ಮುರಿದರು. ನನಗೆ ನಾಚಿಕೆ ಕೂಡ ಆಗಲಿಲ್ಲ. ಅಕ್ಕನ ಮುಖಕ್ಕೆ ಅರಿಶಿನ ಸ್ವಲ್ಪ ಹೆಚ್ಚಾಗಿದೆ ಅನ್ನಿಸಿತು, ಅಷ್ಟೇ.

ಬಸ್ಸಿನಲ್ಲಿ ಮರಳುವಾಗ ಹೊಳೆಯಿತು: ಇದು ಗುಳಿಗೆಯ ಕೆಲಸ. ಹೃದಯವನ್ನೇ ಹಿಡಿದು ಕೂರಿಸಿದರೆ ದುಃಖ ಎಲ್ಲಿಂದ ಬರಬೇಕು? ಮಕ್ಕಳಿಗೆ ವಿಜ್ಞಾನ ಹೇಳುವವಳ ತಲೆಗೆ ಹೊಳೆದ ಮಾತಿದು. ಸತ್ತವರ ಹೆಸರಲ್ಲಿ ಮಾಡುವ ದಿನಕರ್ಮ ಮುಗಿಯುವುದರೊಳಗೆ ಅಕ್ಕನಿಗಾಗಿ ಒಮ್ಮೆಯಾದರೂ ಅಳಲೇಬೇಕಿತ್ತು. ಗುಳಿಗೆ ಬಿಟ್ಟೆ.

ಕೆಲವೇ ದಿನಗಳಲ್ಲಿ ಎದೆ ಹೊಡೆದುಕೊಳ್ಳತೊಡಗಿತು. ಅಕ್ಕಿ ಆರಿಸುತ್ತ ಸುಮ್ಮನೆ ಕುಳಿತರೂ ಡವಡವ. ಮೈಯೆಲ್ಲ ಬೆವರು. ಅಂತೂ ದುಃಖ ಬಂತಲ್ಲ ಎಂದುಕೊಂಡೆ. ನಿಜ ಹೇಳುತ್ತೇನೆ, ಖುಷಿಯಾಯಿತು. ಕಣ್ಣೀರು ಇನ್ನೇನು ಹಿಂದೆಯೇ ಬರುತ್ತದೆಂದು ಸೆರಗು ಹಿಡಿದು ಕಾದೆ.

ದಿನಕರ್ಮದಂದು ನಾನಾಗಿಯೇ ಹೋಗಿ ಸೋದರತ್ತೆಯ ಕೊರಳಿಗೆ ಬಿದ್ದೆ. "ಈಗ ನೋಡು, ಹೆಂಗ ಹೊಡ್ಕೊಳ್ಳಾಕತ್ತೈತಿ. ಪಾಪ, ಒಳಗ ಇಟ್ಕೊಂಡಿದ್ದಿ," ಎಂದು ಅವಳು ಬೆನ್ನು ಸವರಿದಳು. ಕಣ್ಣು ಒಣಗಿಯೇ ಇತ್ತು. ಆಮೇಲೆ ಕತ್ತಲೆ ಕವಿದು ಅಲ್ಲೇ ಬಿದ್ದೆ.

ಗಂಗಾವತಿಯ ಡಾಕ್ಟರು ನಾಡಿ ಹಿಡಿದುಕೊಂಡೇ ಕೇಳಿದರು. "ಗುಳಿಗಿ ಬಿಟ್ಟೀರೇನ್ರಿ?"

"ಹೂನ್ರಿ. ಅಕ್ಕ ಹೋದಳ್ರಿ. ದುಃಖಕ್ಕ ಎದಿ ಹಿಂಗ ಆಗೇತಿ."

"ದುಃಖ ಅಲ್ರಿ ಇದು. ಈ ಗುಳಿಗಿ ಒಮ್ಮಿಗೇ ಬಿಟ್ರ ಹೃದಯ ಹುಚ್ಚೆದ್ದು ಓಡತೈತಿ. ಯಾರೂ ಸಾಯದಿದ್ರೂ ಓಡತಿತ್ತು. ಮೊದಲೇ ದಣದಿರೋ ಹೃದಯ, ಹಿಂಗ ಓಡಿ ಓಡಿ ನಿಂತ್ರ ಏನ್ ಮಾಡ್ತೀರಿ?"

"ಹಂಗಾರ ಅವತ್ತ ಅಳು ಬರದಿದ್ದು? ಅದು ಗುಳಿಗಿಯಿಂದ ಹೌದಲ್ರಿ?"

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಗುಳಿಗಿ ಬಡಿತ ಹಿಡೀತೈತ್ರಿ, ಕಣ್ಣೀರು ಹಿಡಿಯಂಗಿಲ್ಲ. ಇದನ್ನ ನುಂಗಿದ ಮಂದಿ ಇಲ್ಲೇ ನನ್ನ ಮುಂದ ಕುಂತು ಅಳತಾರ."

ಅಲ್ಲೇ ನೀರು ಕೇಳಿ ಗುಳಿಗೆ ನುಂಗಿದೆ. ಒಂದೆರಡು ದಿನಕ್ಕೆ ಎದೆ ಸುಮ್ಮನಾಯಿತು. ಅಕ್ಕನಿಗಾಗಿ ಅದು ಒಂದು ಸಲವೂ ಹೊಡೆದುಕೊಂಡಿರಲಿಲ್ಲ.