ತಳದ ಕಷಾಯ

ಬೆಳಿಗ್ಗೆ ಬಾವಿಯಿಂದ ಹದಿನಾಲ್ಕು ಕೊಡ ನೀರು ಸೇದಿದೆ. ತೆಂಗಿನ ಗರಿ ಹಸಿ ಇದ್ದುದರಿಂದ ಒಲೆ ಹೊತ್ತಿಸಲು ಕಷ್ಟವಾಯಿತು. ಅತ್ತೆಯ ಮೊಣಕಾಲಿಗೆ ಎಣ್ಣೆ ಹಚ್ಚಿದೆ. ಒಣಗದ ಬಟ್ಟೆಗಳನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿದೆ. ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ತೆಗೆದು ನೀರಿನಲ್ಲಿ ನೆನೆಹಾಕಿದೆ. ಮಧ್ಯಾಹ್ನದ ಬಸ್ಸಿಗೆ ಮೂಡಬಿದ್ರೆಯಿಂದ ತೋಡಾರಿಗೆ ಹೋಗಿ, ಒಬ್ಬರಿಗೆ, ನಿಮ್ಮ ಹೆಂಡತಿ ತೀರಿಕೊಂಡದ್ದು ನೀವು ತಂದ ಮದ್ದಿನಿಂದಲೇ ಎಂದು ಹೇಳಿ ಬಂದೆ.

ಅದು ಎಂಬತ್ತರ ದಶಕದ ಒಂದು ಆಟಿ ತಿಂಗಳು, ತುಳುವರ ಆಷಾಢ, ಅಮಾವಾಸ್ಯೆಯ ಹಿಂದಿನ ದಿನ.

ಆಟಿ ಅಮಾವಾಸ್ಯೆಗೆ ನಮ್ಮಲ್ಲಿ ಪಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತೇವೆ. ಆ ಮನುಷ್ಯ ತಮ್ಮ ನೆರೆಯ ಹತ್ತು ಮನೆಗಳಿಗೂ ಪ್ರತಿವರ್ಷ ತೊಗಟೆ ತರುವವರು. ಹಿಂದಿನ ದಿನ ಮರಕ್ಕೆ ನೂಲು ಕಟ್ಟಿ ಬರಬೇಕು. ಬೆಳಕು ಹರಿಯುವ ಮೊದಲು ಹೋಗಿ, ದೀಪವಿಲ್ಲದೆ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು. ಪಾಲೆಯ ಹಾಲು ಬೆರಳಿಗೆ ಅಂಟುತ್ತದೆ. ಕತ್ತಲಲ್ಲಿ ಅದೇ ಗುರುತು.

ಅದಕ್ಕೆ ಎರಡು ವರ್ಷದ ಹಿಂದೆ, ಹಾಗೆ ಕುಡಿದ ದಿನವೇ ಅವರ ಹೆಂಡತಿ ಮೈಯೆಲ್ಲ ಸೆಟೆದು ತೀರಿಕೊಂಡಿದ್ದರು. ಕಾಲಿನಲ್ಲಿ ಮೊಳೆ ಚುಚ್ಚಿದ ಗಾಯವಿತ್ತು. ಧನುರ್ವಾಯು ಇರಬಹುದು ಎಂದರು ಡಾಕ್ಟರು. ಊರಿನವರು ಮಾತ್ರ ಕಷಾಯದ ಕಡೆ ನೋಡಿದರು. ಪಾಲೆಯ ಹತ್ತಿರ ಕಾಸರಕದ ಮರ ಬೆಳೆಯುವುದುಂಟು. ಅದರ ತೊಗಟೆ ವಿಷ, ಮೈ ಸೆಟೆಯುವುದು ಅದರ ಲಕ್ಷಣ. ಮೂರನೆಯ ದಿನ ಆ ಗಂಡ ಪಾತ್ರೆಯಲ್ಲಿ ಉಳಿದದ್ದನ್ನು ಬಾಟಲಿಗೆ ಹಾಕಿಕೊಂಡು ನಮ್ಮ ಜಗುಲಿಗೆ ಬಂದರು.

"ಟೀಚರೇ, ನೀವು ಮದ್ದಿನ ಕಾಲೇಜಿನವರಲ್ವಾ. ಇದರಲ್ಲಿ ಎಂತ ಉಂಟು ಅಂತ ನೋಡಿ ಹೇಳಿ. ಮತ್ತೆ ನಾನು ಉಣ್ಣುತ್ತೇನೆ."

ಒಳಗಿನಿಂದ ಅತ್ತೆ, "ಕೋಳಿ ಕೊಯ್ಯುವಾಗ ಇವಳು ಕಣ್ಣು ಮುಚ್ಚುತ್ತಾಳೆ ಮಾರಾಯ್ರೇ, ಕಪ್ಪೆಗೆ ಸೂಜಿ ಚುಚ್ಚಲಿಕ್ಕೆ ಮಾತ್ರ ಧೈರ್ಯ" ಎಂದರು. ಬಾಟಲಿ ಹಿಡಿದವರು ನಗಲಿಲ್ಲ.

ನಾನು ಔಷಧಶಾಸ್ತ್ರ ವಿಭಾಗದಲ್ಲಿ ಟ್ಯೂಟರ್. ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಮುಖ್ಯಸ್ಥರ ಹುದ್ದೆ ಖಾಲಿ ಇತ್ತು. ಸೀಮೆಎಣ್ಣೆಯ ಹೊಗೆ ಹಿಡಿಸಿದ ಕಾಗದ ಸುತ್ತಿ ಹೃದಯದ ಬಡಿತ ಬರೆಸುವ ಡ್ರಮ್ಮು, ಸ್ಪ್ರಿಂಗ್ ಮುರಿದು ಮೂರು ವರ್ಷದಿಂದ ಮದ್ರಾಸಿನ ಬಿಡಿಭಾಗಕ್ಕೆ ಕಾಯುತ್ತಿತ್ತು. ಇದ್ದ ಒಂದು ದಪ್ಪ ಪುಸ್ತಕ ನನಗಿಂತ ಹಳೆಯದು, ವಿಷಗಳ ಅಧ್ಯಾಯವನ್ನು ಗೆದ್ದಲು ತಿಂದಿತ್ತು. ಪ್ರಯೋಗ ಕಲಿಸಿದವರು ನನಗೆ ಸೀಸೆಯಲ್ಲಿ ಬರುವ ಶುದ್ಧ ಪುಡಿಯಿಂದ ಕಲಿಸಿದ್ದರು. ಅಡುಗೆಮನೆಯ ಪಾತ್ರೆಯಲ್ಲಿ ಕಾದದ್ದನ್ನು ಹೇಗೆ ನೋಡಬೇಕೆಂದು ಹೇಳಿಕೊಟ್ಟವರಿಲ್ಲ, ಕೇಳೋಣವೆಂದರೆ ಹತ್ತಿರದಲ್ಲಿ ಯಾರೂ ಇಲ್ಲ.

ಮಳೆಗಾಲ, ಕಪ್ಪೆಗೆ ಬರವಿರಲಿಲ್ಲ. ಬಾಟಲಿಯ ಮೇಲಿನ ತಿಳಿಯನ್ನು ಮೆಲ್ಲಗೆ ಬಗ್ಗಿಸಿ, ಸೋಸಿ, ಸೂಜಿಗೆ ಎಳೆದು ಕಪ್ಪೆಗೆ ಚುಚ್ಚಿದೆ. ಅಷ್ಟು ಶುಚಿಯಾಗಿ ಮಾಡಿದೆನಲ್ಲ ಎಂದು ಆಗ ನನಗೆ ಸಮಾಧಾನವೂ ಆಗಿತ್ತು. ಕಪ್ಪೆ ಸಂಜೆಯವರೆಗೂ ಸುಮ್ಮನೆ ಕುಳಿತಿತ್ತು. ಬೂಸ್ಟು ಬಾರದಂತೆ ಬಾಟಲಿಗೆ ನಾಲ್ಕು ಹನಿ ಸ್ಪಿರಿಟ್ ಹಾಕಿ ಡ್ರಮ್ಮಿನ ಹಿಂದೆ ಇಟ್ಟೆ.

"ಏನೂ ಇಲ್ಲ ಅಣ್ಣ. ನಿಮ್ಮ ತೊಗಟೆ ಸರಿ ಉಂಟು" ಎಂದೆ. ಅವರು ನಮ್ಮ ಮೆಟ್ಟಿಲ ಮೇಲೆಯೇ ಕುಳಿತು ಒಂದು ಬಟ್ಟಲು ಗಂಜಿ ಉಂಡರು. ಮರುವರ್ಷವೂ ಹತ್ತು ಮನೆಗೆ ತೊಗಟೆ ತಂದರು. ನಮಗೂ ಒಂದು ತುಂಡು ಕೊಟ್ಟರು. ನಾವೂ ಕುಡಿದೆವು.

ಆಮೇಲೆ ನನಗೆ ದೂರದ ಊರಿನಲ್ಲಿ ಹತ್ತು ದಿನಗಳ ತರಬೇತಿ ಸಿಕ್ಕಿತು. ಹನ್ನೆರಡು ವರ್ಷದ ನೌಕರಿಯಲ್ಲಿ ಅದೇ ಮೊದಲನೆಯದು. ಏಳನೆಯ ದಿನ ಒಬ್ಬ ಹಿರಿಯ ಅಧ್ಯಾಪಕರು ಚಹಾ ಕುಡಿಯುತ್ತಾ, ಪಾಠದ ನಡುವೆ ಅಲ್ಲ, ಹೀಗೇ ಹೇಳಿದರು: ತೊಗಟೆಯ ಒಗರು ಕಾಸರಕದಂಥ ವಿಷವನ್ನು ಹಿಡಿದು ತಳಕ್ಕೆ ಇಳಿಸುತ್ತದೆ, ಮೇಲಿನದು ಕುಡಿದವನು ಬದುಕುತ್ತಾನೆ, ಕೊನೆಯ ಗುಟುಕಿನವನು ಸಾಯುತ್ತಾನೆ, ಅದಕ್ಕೇ ಬಾಟಲಿ ಕುಲುಕಬೇಕು.

ನಮ್ಮ ಮನೆಗಳಲ್ಲಿ ಕಷಾಯವನ್ನು ಗಂಡಸರು ಮೊದಲು, ಮಕ್ಕಳು ಆಮೇಲೆ ಕುಡಿಯುತ್ತಾರೆ. ಎಲ್ಲರಿಗೂ ಕೊಟ್ಟು ತಳದಲ್ಲಿ ಉಳಿದದ್ದನ್ನು ಕುಡಿಯುವವಳು ಹೆಂಗಸು.

ಊರಿಗೆ ಬಂದ ಮರುದಿನ ಬಾಟಲಿ ತೆಗೆದೆ. ತಳದಲ್ಲಿ ಬೆರಳಗಲ ಕಂದು ಗಸಿ ಇತ್ತು. ಕುಲುಕಿದೆ. ಒಂದು ಕಪ್ಪೆಗೆ ಅದನ್ನು, ಇನ್ನೊಂದಕ್ಕೆ ಬರೀ ಪಾಲೆಯ ರಸವನ್ನು ಕೊಟ್ಟೆ. ಪಾಲೆಯದು ಹಾರಿ ಮೂಲೆಗೆ ಹೋಯಿತು. ಮೊದಲಿನದರ ಬೆನ್ನಿಗೆ ಬೆರಳು ತಾಗಿಸಿದೆ. ನಾಲ್ಕೂ ಕಾಲು ಕೋಲಿನಂತೆ ನೆಟ್ಟಗಾದವು. ಬಿಟ್ಟೆ. ಸಡಿಲವಾಯಿತು. ಮತ್ತೆ ಮುಟ್ಟುವ ಧೈರ್ಯ ಬರಲಿಲ್ಲ. ಆದರೆ ಕಿಟಕಿಯ ಬಾಗಿಲು ಗಾಳಿಗೆ ಬಡಿದದ್ದಕ್ಕೇ ಅದು ಮತ್ತೆ ಸೆಟೆಯಿತು. ಈಗಲೂ ಗಾಳಿಗೆ ಬಾಗಿಲು ಬಡಿದರೆ ನಾನು ನೆಲ ನೋಡುತ್ತೇನೆ.

ಹೇಳದೆ ಇರಬಹುದಿತ್ತು. ಆದರೆ ಅಮಾವಾಸ್ಯೆಗೆ ಇನ್ನು ಎರಡೇ ದಿನ, ಆ ಬೆಳಿಗ್ಗೆ ಅವರು ಅದೇ ಮರದ ಹತ್ತಿರ ಹೋಗುವವರಿದ್ದರು.

ತೋಡಾರಿನಲ್ಲಿ ಅವರು ನೂಲು ಹಿಡಿದು ಹೊರಟಿದ್ದರು. ನಾನು ನಿಂತೇ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಅವರು ಕೈಯಲ್ಲಿದ್ದ ನೂಲನ್ನು ಮತ್ತೆ ಉಂಡೆಗೆ ಸುತ್ತಿದರು.

"ಆ ದಿನ ಮಳೆ ಹೇಗೆ ಹೊಡೆದಿತ್ತು ಗೊತ್ತುಂಟಾ? ನಮ್ಮ ಮನೆಯ ತುಂಡು ಕೊನೆಗೆ ತೆಗೆದದ್ದು, ಕಟ್ಟಿದ ನೂಲು ಸಿಗಲಿಲ್ಲ, ಹಾಲು ಕೈಗೆ ಅಂಟುತ್ತದಾ ಇಲ್ಲವಾ ಅಂತಲೂ ತಿಳಿಯಲಿಲ್ಲ" ಎಂದರು. ಮತ್ತೆ, "ಅವಳು ಅರ್ಧ ಕುಡಿದು, ಈ ಸಲ ಕಹಿ ಜಾಸ್ತಿ ಉಂಟು ಅಂದಳು. ಮದ್ದಲ್ವಾ, ಕುಡಿ ಮಾರಾಯ್ತಿ ಅಂದದ್ದು ನಾನೇ."

"ನಾಳೆ ನೀವು ಹೋಗುವುದು ಬೇಡ ಅಣ್ಣ."

"ನಾನು ಹೋಗದಿದ್ದರೆ ಬೇರೆ ಯಾರಾದರೂ ಹೋಗ್ತಾರೆ. ಅವರಿಗೆ ಎಂತ ಗೊತ್ತುಂಟು?"

ಮರ ತೋರಿಸಿದರು. ಪಾಲೆಗೂ ಕಾಸರಕಕ್ಕೂ ನಡುವೆ ನನ್ನ ಎರಡು ಹೆಜ್ಜೆ. ಎಲೆಯಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ಕಾಸರಕಕ್ಕೆ ಬಳಿಯಹೊರಟರು.

"ಮಳೆಗೆ ತೊಳೆದು ಹೋಗ್ತದೆ" ಎಂದೆ.

ಅವರು ಮನೆಗೆ ಹೋಗಿ ಹೆಂಡತಿಯ ಹಸಿರು ನೂಲಿನ ಸೀರೆ ತಂದು, ಉದ್ದಕ್ಕೆ ಹರಿದು, ಕಾಸರಕದ ಕಾಂಡಕ್ಕೆ ಮೂರು ಸುತ್ತು ಸುತ್ತಿ ಗಂಟು ಹಾಕಿದರು. ಆ ಗಂಟಿನ ಮೇಲೆ ಕಣ್ಣುಮುಚ್ಚಿ ಕೈಯಾಡಿಸಿ ನೋಡಿದರು.

"ಈಗ ಕತ್ತಲಲ್ಲೂ ಗೊತ್ತಾಗ್ತದೆ. ಬಸ್ಸು ತಪ್ಪುತ್ತದೆ ಟೀಚರೇ, ನೀವು ಹೋಗಿ."

ರಾತ್ರಿ ಕುಚ್ಚಲಕ್ಕಿ ಗಂಜಿ, ಹಲಸಿನ ಸೊಳೆಯ ಪಲ್ಯ, ಹುರುಳಿ ಸಾರು. ಸಾರನ್ನು ನಾನು ತಳದಿಂದ ಕಲಕಿ ಬಡಿಸಿದೆ. "ಪಾತ್ರೆ ತೂತು ಮಾಡ್ತೀಯಾ?" ಎಂದರು ಅತ್ತೆ. ಮೊದಲು ನಿದ್ದೆ ಹೋದದ್ದು ಅವರೇ, ಆಮೇಲೆ ನನ್ನ ಗಂಡ. ತೋಡಾರಿನಲ್ಲಿ ಒಬ್ಬರು ಮಲಗಿರಲಿಕ್ಕಿಲ್ಲ. ನಾನೂ ಮಳೆ ಕೇಳುತ್ತಾ ಇದ್ದೆ.